ಅಂಟಿಸಿದ ಹಾಳೆ

ಹಳೆಯ ಟ್ರಂಕಿನ ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಮೆಲ್ಲಗೆ ಎದ್ದು ಬಂತು. ಒಣಗಿದ ಅನ್ನದ ಅಂಟಿನ ವಾಸನೆ. ಸ್ವಲ್ಪ ಹುಳಿ, ಸ್ವಲ್ಪ ಧೂಳು, ಹಳೆಯ ಕಾಗದದ ಸ್ವಲ್ಪ ಒಗರು. ಮಕ್ಕಳೇ, ನೀವು ಟ್ಯೂಬು ಒತ್ತಿ ಅಂಟಿಸುವವರು, ನಿಮಗೆ ಈ ವಾಸನೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಾಲದಲ್ಲಿ ಊಟದ ತಟ್ಟೆಯಿಂದ ನಾಲ್ಕು ಅಗುಳು ಎತ್ತಿಕೊಂಡು ಹೆಬ್ಬೆರಳಿನಿಂದ ಅಂಗೈ ಮೇಲೆ ನುರಿದರೆ ಮುಗಿಯಿತು, ಅದೇ ಅಂಟು. ಲಕೋಟೆಗೂ ಅದೇ, ಪುಸ್ತಕದ ರಟ್ಟಿಗೂ ಅದೇ. ಹೋದ ವಾರ ನೀವಿಬ್ಬರೂ ಆ ಟ್ರಂಕಿನಿಂದ ನೀರುನಾಯಿಯ ಪುಸ್ತಕ ತೆಗೆದು, ನಡುವಿನ ಹಾಳೆ ಯಾಕೆ ಹಪ್ಪಳದ ಹಾಗೆ ಸುರುಟಿಕೊಂಡಿದೆ ಎಂದು ಕೇಳಿದಿರಿ. ನಿಮ್ಮ ಅಮ್ಮ ನಕ್ಕು, "ಅಜ್ಜೀನೇ ಕೇಳಿ" ಎಂದಳು. ನನಗೆ ನಾಲ್ಕು ಜನರ ಎದುರು ಬಾಯಿ ಬಿಟ್ಟು ಹೇಳುವುದು ಇಂದಿಗೂ ಬರುವುದಿಲ್ಲ, ಆ ನಾಲ್ಕು ಜನ ನನ್ನ ಮನೆಯವರೇ ಆಗಿದ್ದರೂ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಭದ್ರಾವತಿಯ ಜನ್ನಾಪುರದ ಒಂದು ವಠಾರದಲ್ಲಿದ್ದೆವು. ಸಾಲಾಗಿ ನಾಲ್ಕು ಮನೆ, ಎಲ್ಲಕ್ಕೂ ಸೇರಿ ಒಂದು ನಲ್ಲಿ, ಪ್ರತಿ ಬಾಗಿಲ ಮುಂದೆ ಒಂದೊಂದು ಕಲ್ಲಿನ ಮೆಟ್ಟಿಲು. ಆ ಮನೆಗಳಲ್ಲಿ ಗಡಿಯಾರ ನೋಡಿ ಬದುಕಿದವರು ಯಾರೂ ಇರಲಿಲ್ಲ. ಕಾರ್ಖಾನೆಯ ಸೈರನ್ನೇ ನಮ್ಮ ಗಡಿಯಾರ. ಬೆಳಿಗ್ಗೆ ಐದಕ್ಕೆ ಅದು ಕೂಗಿದರೆ ಒಲೆ ಹೊತ್ತಬೇಕು, ಮಧ್ಯಾಹ್ನ ಎರಡಕ್ಕೆ ಕೂಗಿದರೆ ಸಾರು ಬಿಸಿ ಮಾಡಬೇಕು. ನಿಮ್ಮ ಅಜ್ಜ ಅಲ್ಲಿಯೇ ಕೆಲಸಕ್ಕಿದ್ದರು. ಫಸ್ಟ್ ಶಿಫ್ಟ್ ಮುಗಿಸಿ ಸೈಕಲ್ಲಿನ ಹ್ಯಾಂಡಲ್ಲಿಗೆ ಟಿಫನ್ ಕ್ಯಾರಿಯರ್ ತೂಗುಹಾಕಿಕೊಂಡು ಅವರು ಬರುವಾಗ ಖಾಲಿ ಡಬ್ಬಿಗಳು ಒಂದಕ್ಕೊಂದು ಬಡಿದು ಸದ್ದಾಗುತ್ತಿತ್ತು. ನಿಮ್ಮ ಅಮ್ಮ, ಆಗಿನ ನಮ್ಮ ಪುಟ್ಟಿ, ಸೈರನ್ ಕೂಗಿದ ತಕ್ಷಣ ಎಲ್ಲಿದ್ದರೂ ಓಡಿ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಡಬ್ಬಿಯ ಸದ್ದು ತಿರುವಿನಲ್ಲಿ ಕೇಳಿದರೂ ಕಣ್ಣು ಮುಚ್ಚಿಕೊಂಡೇ ಇರುವುದು ಅವಳದೇ ಒಂದು ಆಟ. ಅಪ್ಪ ಬಂದು ತಲೆ ಮುಟ್ಟಿದ ಮೇಲೆಯೇ ಕಣ್ಣು ಬಿಡುವುದು.

ಅವಳಿಗೆ ಐದು ತುಂಬಿ ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ನಿಮ್ಮ ಅಜ್ಜನಿಗೆ ಎದೆನೋವು ಬಂತು. ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರು ಮತ್ತೆ ಜನ್ನಾಪುರಕ್ಕೆ ಬರಲಿಲ್ಲ. ಕಾರ್ಯಗಳೆಲ್ಲ ನನ್ನ ಅತ್ತೆಯ ಊರಿನಲ್ಲಿ, ಹೊಳೆದಂಡೆಯಲ್ಲಿ ಮುಗಿದವು. ಪುಟ್ಟಿಯನ್ನು ನನ್ನ ತವರಿಗೆ ಕಳಿಸಿದ್ದೆವು. ಹದಿನೈದು ದಿನದ ಮೇಲೆ ಅವಳು ವಾಪಸ್ಸು ಬರುವ ಹಿಂದಿನ ದಿನ ಅತ್ತೆ ನನ್ನನ್ನು ಕೂರಿಸಿಕೊಂಡು ಹೇಳಿದರು. "ಕೂಸಿಗೆ ಏನೂ ಹೇಳ್ಬೇಡ ಸರೋಜಾ. ಎದೆ ಒಡ್ಕೊಳ್ತದೆ. ಡಬಲ್ ಡ್ಯೂಟಿ ಅಂತ ಹೇಳು. ನಿಧಾನಕ್ಕೆ ಮರೀತಾಳೆ." ಕಾರ್ಖಾನೆಯ ಊರಿನವರಿಗೆ ಮಾತ್ರ ಹೊಳೆಯುವ ಸುಳ್ಳು ಅದು. ಅಲ್ಲಿ ಯಾವ ಮಗುವಿನ ಅಪ್ಪ ಎರಡು ದಿನ ಕಾಣದಿದ್ದರೂ ಅದಕ್ಕೆ ಶಿಫ್ಟ್ ಎನ್ನುವ ಒಂದೇ ಕಾರಣ ಸಾಕು. ನಾನು ಹೂಂ ಎಂದೆ. ಅತ್ತೆಯ ಮಾತಿಗೆ ನಾನು ಎಂದೂ ಊಹೂಂ ಎಂದವಳಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮಾತನ್ನು ನನ್ನ ಬಾಯಿಂದ ಹೇಳುವ ಧೈರ್ಯ ನನಗಿರಲಿಲ್ಲ.

ಆದರೆ ಒಂದು ಸುಳ್ಳಿಗೆ ಎಷ್ಟೊಂದು ಸುಳ್ಳುಗಳು ಊರುಗೋಲಾಗಿ ಬೇಕಾಗುತ್ತವೆ! ಬಂದ ದಿನವೇ ಪುಟ್ಟಿ ಕೇಳಿದಳು, "ಅಪ್ಪ ಸೈಕಲ್ ಇಲ್ಲೇ ಬಿಟ್ಟು ಹೆಂಗೆ ಹೋದ್ರು?" ಬಸ್ಸಿನಲ್ಲಿ ಎಂದರು ನಮ್ಮ ಜೊತೆಗಿರಲು ಜನ್ನಾಪುರಕ್ಕೆ ಬಂದಿದ್ದ ಅತ್ತೆ. ಮರುದಿನವೇ ಸೈಕಲ್ಲನ್ನು ಊರಿಗೆ ಸಾಗಿಸಿಬಿಟ್ಟರು. "ನಿನ್ನ ಬಳೆ ಎಲ್ಲಿ?" ಒಡೆದವು ಎಂದೆ. "ಎಲ್ಲಾನೂ?" ಎಲ್ಲಾನೂ ಎಂದೆ. "ಟಿಫನ್ ಕ್ಯಾರಿಯರ್ ಇಲ್ಲೇ ಇದೆ, ಅಪ್ಪ ಊಟಕ್ಕೇನು ಮಾಡ್ತಾರೆ?" ಕ್ಯಾಂಟೀನು ಎಂದೆವು. ಸೈರನ್ ಕೂಗುತ್ತಲೇ ಇತ್ತು. ಅವಳು ಮೆಟ್ಟಿಲ ಮೇಲೆ ಕಣ್ಣು ಮುಚ್ಚಿಕೊಂಡು ಕೂರುತ್ತಲೇ ಇದ್ದಳು. ಬೀದಿಯಲ್ಲಿ ಬೇರೆಯವರ ಸೈಕಲ್ಲುಗಳು ಹಾದುಹೋಗಿ ಎಲ್ಲ ಸದ್ದೂ ಅಡಗಿದ ಮೇಲೆ ತಾನೇ ಕಣ್ಣು ಬಿಟ್ಟು, ಲಂಗ ಕೊಡವಿಕೊಂಡು ಒಳಗೆ ಬರುತ್ತಿದ್ದಳು. ನಾನು ಹೊಲಿಗೆ ಮಿಷನ್ನಿನ ಮುಂದೆ ತಲೆ ತಗ್ಗಿಸಿಕೊಂಡಿರುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಅವಳು ಏನನ್ನೂ ಕೇಳುವುದನ್ನು ಬಿಟ್ಟಳು. "ನೋಡ್ದ್ಯಾ, ಮರೆತಳು" ಎಂದರು ಅತ್ತೆ. ಆದರೂ ಮೆಟ್ಟಿಲ ಮೇಲೆ ಕೂರುವುದು ನಿಲ್ಲಲಿಲ್ಲ. ಮರೆತವಳು ಕೂರುವುದು ಯಾಕೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಜೂನಿನಲ್ಲಿ ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಿದೆವು. ಬೆಳಗಿನ ಶಾಲೆ, ಎರಡರ ಸೈರನ್ ಕೂಗುವ ಹೊತ್ತಿಗೆ ಮನೆಗೆ ಬಂದಿರುತ್ತಿದ್ದಳು. ಎರಡು ತಿಂಗಳೊಳಗೆ ಶಾಲೆಯಿಂದ ಹೇಳಿಕಳಿಸಿದರು. ಲಲಿತಾ ಟೀಚರ್ ಎಂದು ಅವಳ ಕ್ಲಾಸಿನವರು. ದಪ್ಪ ಕನ್ನಡಕ, ಸೀರೆಯ ತುಂಬ ಸುಣ್ಣದಕಡ್ಡಿಯ ಪುಡಿ. "ನಿಮ್ಮ ಮಗಳು ಕಚ್ತಾಳೆ ಸರೋಜಮ್ಮ" ಎಂದರು. ಹುಡುಗಿಯೊಬ್ಬಳ ತೋಳಿನ ಮೇಲೆ ಎರಡು ಸಲ ಹಲ್ಲಿನ ಗುರುತು ಬಿದ್ದಿತ್ತಂತೆ. ನಾನು ಸೆರಗಿನ ತುದಿ ಸುರುಳಿ ಸುತ್ತುತ್ತ ನಿಂತೆ. ಅವರು ನನ್ನನ್ನು ಬೈಯಲಿಲ್ಲ. "ಸಿಟ್ಟಿಗೆ ಕಚ್ಚೋ ಮಕ್ಕಳನ್ನ ನಾನು ತುಂಬಾ ನೋಡಿದೀನಿ. ಇವಳದ್ದು ಸಿಟ್ಟಲ್ಲ ಕಣ್ರೀ. ಏನೋ ಕಾಯ್ತಿದಾಳೆ, ನಾಯಿ ಮನೆ ಕಾದ ಹಾಗೆ. ಮನೇಲಿ ಅವಳಿಗೆ ಏನು ಹೇಳಿದೀರಿ?" ನಾನು ಸೆರಗಿನ ಸುರುಳಿ ಬಿಚ್ಚಿ ಮತ್ತೆ ಸುತ್ತಿದೆ. ಅವರು ಗೋಡೆಗೆ ಆನಿಸಿದ್ದ ಮರದ ಬೀರು ತೆರೆದು, ಬೆನ್ನಿಗೆ ಬಟ್ಟೆಯ ಪಟ್ಟಿ ಹಚ್ಚಿದ ಪುಸ್ತಕಗಳಲ್ಲಿ ಹುಡುಕಿ ಒಂದನ್ನು ತೆಗೆದರು. "ಇದನ್ನ ಅವಳಿಗೆ ದಿನಾ ಓದಿ ಹೇಳಿ. ಬೇರೇನೂ ಹೇಳೋದು ಬೇಡ. ಪಾಠ ಅಲ್ಲ, ನೀತಿಗೀತಿ ಕೇಳ್ಬೇಡಿ. ಓದಿ, ಅವಳು ಏನಾದ್ರೂ ಕೇಳಿದ್ರೆ ನಿಜ ಹೇಳಿ."

ಓದಿ ಹೇಳುವುದು! ಅವರಿಗೆ ನನ್ನ ಕಷ್ಟ ಗೊತ್ತಿರಲಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಮ್ಮಲ್ಲಿ ಓದುವುದೆಂದರೆ ಇಡೀ ಕ್ಲಾಸು ಒಟ್ಟಿಗೆ ರಾಗವಾಗಿ ಹೇಳುವುದು. ಆ ಗದ್ದಲದಲ್ಲಿ ನಾನು ಬರೀ ತುಟಿ ಆಡಿಸುತ್ತಿದ್ದೆ. ಒಮ್ಮೆ ಇನ್ಸ್‌ಪೆಕ್ಟರು ಬಂದಾಗ ಮೇಷ್ಟ್ರು ನನ್ನೊಬ್ಬಳನ್ನೇ ಎಬ್ಬಿಸಿ ಓದಿಸಿದರು. ಎರಡು ಸಾಲು ಓದುವಷ್ಟರಲ್ಲಿ ಪುಸ್ತಕ ಮುಚ್ಚಿ ಕೂತುಬಿಟ್ಟೆ. ಆಮೇಲೆ ನಾನು ಯಾರಿಗೂ ಕೇಳುವ ಹಾಗೆ ಓದಿದ್ದಿಲ್ಲ. ಅಷ್ಟೇ ಅಲ್ಲ, ಪಾಠದ ಪುಸ್ತಕ ಬಿಟ್ಟು ಮಕ್ಕಳಿಗೆಂದೇ ಬೇರೆ ಪುಸ್ತಕ ಇರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಬಸ್ ಸ್ಟಾಪಿನಿಂದ ಮನೆಯವರೆಗೂ ಅದನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೇ ಬಂದೆ. ಪುಟಕ್ಕೆ ಮೂರೋ ನಾಲ್ಕೋ ಸಾಲು, ಉಳಿದದ್ದೆಲ್ಲ ಚಿತ್ರ. ಹಸಿರು ಹೊಳೆ, ಕಂದು ಬಣ್ಣದ ನೀರುನಾಯಿಗಳು, ಅವುಗಳ ಮೀಸೆಯ ಮೇಲೆ ನೀರಿನ ಹನಿ. ಪ್ರಶ್ನೆ ಇಲ್ಲ, ಬಿಟ್ಟ ಸ್ಥಳ ತುಂಬುವುದು ಇಲ್ಲ. ಇಷ್ಟು ಖರ್ಚು ಮಾಡಿ ಇದನ್ನು ಯಾತಕ್ಕೆ ಅಚ್ಚು ಹಾಕಿಸಿದ್ದಾರೆ ಎಂದು ಬಹಳ ಹೊತ್ತು ಯೋಚಿಸಿದೆ.

ಅವತ್ತು ಸಂಜೆ ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು, ಹಳ್ಳಿ ಶಾಲೆಯ ರಾಗದಲ್ಲೇ ಶುರುಮಾಡಿದೆ. ಹೊಳೆಯ ನಡುವಿನ ಕಲ್ಲಿನ ಮೇಲೆ ಒಂದು ನೀರುನಾಯಿ ಮರಿ, ಅದರ ಅಪ್ಪ, ಅಮ್ಮ. "ನೀರುನಾಯಿ ಬೊಗಳುತ್ತಾ ಅಮ್ಮ?" ಎಂದಳು ಪುಟ್ಟಿ. ನನಗೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಬೊಗಳಲ್ಲ, ಸಿಳ್ಳೆ ಹಾಕ್ತಾವೆ. ನಮ್ಮೂರ ಹೊಳೇಲಿ ಹಿಂಡು ಹಿಂಡೇ ಇದ್ವು. ಬಲೆ ಹರ್ದು ಮೀನು ಕದಿಯೋ ಕಳ್ಳ ಮುಂಡೇವು." ನಮ್ಮ ಮನೆಯಲ್ಲಿ ಎಷ್ಟೋ ದಿನದ ಮೇಲೆ ಒಂದು ನಗು ಕೇಳಿಸಿತು. ನಾನು ಪುಟ ತಿರುಗಿಸಿದೆ. ಮಳೆ ಬಂತು, ಹೊಳೆ ಏರಿತು, ಅಪ್ಪ ಮೀನು ತರಲು ಹೋದ. ಮುಂದಿನ ಪುಟದ ಮೊದಲ ಸಾಲು ಕಣ್ಣಿಗೆ ಬಿತ್ತು. ಎರಡು ಹಾಳೆಯನ್ನು ಒಟ್ಟಿಗೆ ತಿರುಗಿಸಿಬಿಟ್ಟೆ. ಅಲ್ಲಿ ಮರಿ ಅಮ್ಮನ ಜೊತೆ ಈಜು ಕಲಿಯುತ್ತಿತ್ತು. ಕೊನೆಯವರೆಗೂ ಓದಿ ಮುಗಿಸಿದೆ.

ಮರುದಿನ ಅವಳು ಶಾಲೆಗೆ ಹೋದ ಮೇಲೆ ಬೆಳಗಿನ ಅನ್ನದಿಂದ ನಾಲ್ಕು ಅಗುಳು ತೆಗೆದುಕೊಂಡು, ನುರಿದು, ಆ ಎದುರುಬದುರು ಪುಟಗಳ ಅಂಚಿಗೆಲ್ಲ ಸವರಿ ಒಂದಕ್ಕೊಂದು ಅಂಟಿಸಿದೆ. ಮೇಲೆ ರುಬ್ಬುವ ಗುಂಡು ಇಟ್ಟೆ. ಶಾಲೆಯ ಪುಸ್ತಕ ಎಂಬ ಭಯವೂ ಇತ್ತು. ಸಂಜೆಯ ಹೊತ್ತಿಗೆ ಎರಡು ಹಾಳೆ ಸೇರಿ ಒಂದೇ ದಪ್ಪ ಹಾಳೆಯಾಗಿತ್ತು. ಈಗ ಯಾರು ಓದಿದರೂ ಅಪ್ಪ ಮೀನು ತರಲು ಹೋಗುತ್ತಾನೆ, ಮರಿ ಅಮ್ಮನ ಜೊತೆ ಈಜುತ್ತದೆ. ನಡುವೆ ಏನೂ ಆಗಿಲ್ಲ.

ಹತ್ತು ಹದಿನೈದು ದಿನ ಹಾಗೆಯೇ ಓದಿದೆ. ವಿಚಿತ್ರವೆಂದರೆ ನನ್ನ ರಾಗ ಮಾಯವಾಗುತ್ತ ಬಂತು, ದನಿ ಬಿಚ್ಚಿಕೊಂಡಿತು. ಅತ್ತೆ ಅಕ್ಕಿ ಆರಿಸುವ ನೆಪದಲ್ಲಿ ಮೊರ ಹಿಡಿದುಕೊಂಡು ಹೊಸಿಲ ಹತ್ತಿರ ಬಂದು ಕೂರತೊಡಗಿದರು. ಪುಟ್ಟಿ ಚಿತ್ರಗಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದಳು. ಒಂದು ದಿನ ಬೆರಳಿಟ್ಟು ಕೇಳಿದಳು. "ಇಲ್ಲಿ ಮೂರು ಜನ ಇದಾರೆ. ಇಲ್ಲಿ ಇಬ್ಬರೇ. ಮರಿ ಅಪ್ಪ ಎಲ್ಲಿ?" ನನ್ನ ಬಾಯಿಗೆ ಆರು ತಿಂಗಳಿಂದ ರೂಢಿಯಾಗಿದ್ದ ಮಾತೇ ಬಂದುಬಿಟ್ಟಿತು. "ಶಿಫ್ಟಿಗೆ ಹೋಗಿದೆ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ನೀರುನಾಯಿಗೂ ಶಿಫ್ಟ್ ಇರುತ್ತಾ?" ಅತ್ತೆಯ ಕೈಯಲ್ಲಿ ಮೊರ ನಿಂತಿತು. ಪುಟ್ಟಿ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ದಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು.

ಪಕ್ಕದ ಮನೆಯ ಸೆಲ್ವಿ ಅಕ್ಕ ಸೇಲಂ ಕಡೆಯವರು. ಊರಿಂದ ಬಂದ ಕಾಗದಗಳ ಸ್ಟಾಂಪನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಬಿಡಿಸಿ ತಮ್ಮ ಮಗಳ ಆಲ್ಬಮ್ಮಿಗೆ ಕೊಡುತ್ತಿದ್ದರು. ಪುಟ್ಟಿ ಅದನ್ನು ಎಷ್ಟೋ ಸಲ ನೋಡಿದ್ದಳು. ಭಾನುವಾರ ಬೆಳಿಗ್ಗೆ ನಾನು ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಾಗ ಸೆಲ್ವಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಸರೋಜಾ, ನಿನ್ ಮಗಳು ಬುಕ್ಕು ತಂದು ಆಂಟಿ ಇದ್ನ ಬಿಡಿಸಿ ಕೊಡಿ ಅಂದ್ಳು. ಕೊಟ್ಟೆ. ಇಡ್ಲಿ ಜೊತೆ ಪುಸ್ತಕಾನೂ ಬೆಂದೋಯ್ತು ನೋಡು! ನಂಗೆ ಕನ್ನಡ ಓದಕ್ಕೆ ಬರಲ್ಲಮ್ಮ. ಓದು ಓದು ಅಂತ ಪ್ರಾಣ ತಿಂತಾಳೆ, ನೀನೇ ಬಾ" ಎಂದರು. ನಾನು ಒದ್ದೆ ಕೈಯಲ್ಲೇ ಎದ್ದು ಮನೆಗೆ ಬಂದೆ.

ಪುಟ್ಟಿ ಚಾಪೆಯ ಮೇಲೆ ಕೂತಿದ್ದಳು. ಪುಸ್ತಕ ಅವಳ ತೊಡೆಯ ಮೇಲೆ ತೆರೆದಿತ್ತು. ಹಾಳೆಯಿಂದ ಇನ್ನೂ ಹಬೆಯೇಳುತ್ತಿತ್ತು. ಅನ್ನದ ಅಂಟು ಮತ್ತೆ ಅನ್ನವಾದ ಹಾಗೆ ಮನೆಯೆಲ್ಲ ಆ ವಾಸನೆ. ಚಿತ್ರದಲ್ಲಿ ಇಳಿದ ಹೊಳೆ, ಒಂದು ಕಲ್ಲು, ಕಲ್ಲಿನ ಮೇಲೆ ನಮಗೆ ಬೆನ್ನು ಮಾಡಿ ಕೂತ ಎರಡು ನೀರುನಾಯಿಗಳು, ಒಂದು ದೊಡ್ಡದು, ಒಂದು ಚಿಕ್ಕದು. "ಓದು" ಎಂದಳು. ನಾನು ಅತ್ತೆಯ ಕಡೆ ನೋಡಿದೆ. ಅವರು ಹೊಸಿಲ ಮೇಲೆ ಕೂತು ನೆಲ ನೋಡುತ್ತಿದ್ದರು. ಬೇಡ ಎನ್ನಲಿಲ್ಲ. ನಾನು ಅಕ್ಷರದ ಕೆಳಗೆ ಬೆರಳಿಟ್ಟೆ. ಮಳೆ ನಿಂತಿತು. ಹೊಳೆ ಇಳಿಯಿತು. ಅಪ್ಪ ಬರಲಿಲ್ಲ. ಮರಿ ಕಲ್ಲಿನ ಮೇಲೆ ಕೂತು ಕಾಯಿತು. ಅಮ್ಮ ಬಂದು ಪಕ್ಕದಲ್ಲಿ ಕೂತಳು. ಅಪ್ಪ ಸತ್ತುಹೋದರು ಮಗು, ಇನ್ನು ಬರುವುದಿಲ್ಲ, ಅಳು ಬಂದರೆ ಅಳು, ನಾನು ಇಲ್ಲೇ ಇರುತ್ತೇನೆ ಎಂದಳು.

ಇಷ್ಟೇ ಇದ್ದದ್ದು. ಪುಟ್ಟಿ ಆ ಚಿತ್ರವನ್ನು ನೋಡುತ್ತಲೇ ಕೇಳಿದಳು, "ನಮ್ಮಪ್ಪಾನೂ ಹಂಗೇನಾ?"

"ಹೂಂ, ಪುಟ್ಟಿ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವಳು ಅಳಲಿಲ್ಲ. ದೊಡ್ಡ ಹೊರೆ ಇಳಿಸಿದವಳ ಹಾಗೆ ಒಂದು ಉಸಿರು ಬಿಟ್ಟಳು. "ನಂಗೆ ಗೊತ್ತಿತ್ತು. ಕ್ಲಾಸಲ್ಲಿ ಆಶಾ ಹೇಳಿದ್ಲು. ನಿಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಅವಳು ನಿಮ್ಮಮ್ಮಂಗೂ ಹೇಳ್ತೀನಿ ಅಂದ್ಲು. ಅದಕ್ಕೇ ಕಚ್ಚಿದ್ದು."

ಮಕ್ಕಳೇ, ಇದನ್ನು ಬರೆಯುವಾಗಲೂ ನನ್ನ ಪೆನ್ನು ನಿಲ್ಲುತ್ತದೆ. ನಾವು ಅವಳನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಆರೂ ತುಂಬದ ಆ ಕೂಸು ನಮ್ಮಿಬ್ಬರನ್ನು ಕಾಪಾಡುತ್ತಿತ್ತು. ಅಪ್ಪ ಶಿಫ್ಟಿನಲ್ಲಿದ್ದಾರೆ ಎಂದು ಅಮ್ಮ, ಅಜ್ಜಿ ನಂಬಿಕೊಂಡಿದ್ದಾರೆ, ಅವರಿಗೆ ಗೊತ್ತಾಗಬಾರದು ಎಂದು ದಿನವೂ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಿತ್ತು. ನಾನು ಅವಳನ್ನು ಎಳೆದುಕೊಂಡು ಅಪ್ಪಿಕೊಂಡೆ. ಆಗ ಅತ್ತಳು. ಇಬ್ಬರೂ ಅತ್ತೆವು. ಎಷ್ಟು ಹೊತ್ತೋ ತಿಳಿಯದು. ಮಗ ಹೋದ ದಿನದಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಅತ್ತೆ ಹೊಸಿಲಿಂದ ತೆವಳಿಕೊಂಡು ಚಾಪೆಯ ತುದಿಗೆ ಬಂದರು. ಅವರಿಗೆ ಓದು ಬಾರದು. ಚಿತ್ರದಲ್ಲಿನ ದೊಡ್ಡ ನೀರುನಾಯಿಯ ಬೆನ್ನನ್ನು ಒಂದು ಬೆರಳಿನಿಂದ ಸವರಿ, "ಇನ್ನೊಂದ್ಸಲ ಓದು ಸರೋಜಾ" ಎಂದರು.

ಅವತ್ತಿನಿಂದ ಎಲ್ಲವೂ ಸರಿಹೋಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪುಟ್ಟಿ ರಚ್ಚೆ ಹಿಡಿದ ದಿನಗಳಿದ್ದವು, ಹಾಸಿಗೆ ಒದ್ದೆ ಮಾಡಿದ ದಿನಗಳಿದ್ದವು. ಆದರೆ ಅವಳ ಪ್ರಶ್ನೆಗಳು ವಾಪಸ್ಸು ಬಂದವು. ಸತ್ತವರಿಗೆ ಸೈರನ್ ಕೇಳುತ್ತಾ? ಅಪ್ಪನಿಗೆ ನೋವಾಯ್ತಾ? ನಾನೂ ಅತ್ತೆಯೂ ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದೆವು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆವು. ಕಚ್ಚುವುದು ನಿಂತಿತು. ಆಶಾಳ ತೋಳಿಗೆ ನಮ್ಮ ಪುಟ್ಟಿಯೇ ಕೊಬ್ಬರಿ ಎಣ್ಣೆ ಹಚ್ಚಿ ಬಂದಳಂತೆ, ಗಾಯ ಮಾಯ್ದು ತಿಂಗಳಾದ ಮೇಲೆ.

ಬೆಂದ ಪುಸ್ತಕವನ್ನು ಶಾಲೆಗೆ ಹಿಂದಿರುಗಿಸಲು ನಾಚಿಕೆಯಾಯಿತು. ಹೊಸದು ಕೊಂಡು ತರೋಣವೆಂದು ಒಂದು ಶನಿವಾರ ಮಧ್ಯಾಹ್ನ ಪುಟ್ಟಿಯನ್ನು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಪಕ್ಕದಲ್ಲಿ ವೀಳ್ಯದೆಲೆ ಬುಟ್ಟಿಯ ಅಜ್ಜಿಯೊಬ್ಬರು ಕೂತಿದ್ದರು. "ಎಲ್ಲಿಗೆ ಮಾರಾಯ್ತಿ ಸವಾರಿ?" ಎಂದು ಪುಟ್ಟಿಯ ಗಲ್ಲ ಹಿಡಿದರು. ಇವಳು ಇಡೀ ಬಸ್ಸಿಗೆ ಕೇಳುವ ಹಾಗೆ, "ದುರ್ಗಿಗುಡಿಗೆ. ಪುಸ್ತಕ ತರಕ್ಕೆ. ಶಾಲೆ ಪುಸ್ತಕಾನ ನಮ್ಮಮ್ಮ ಅನ್ನ ಹಾಕಿ ಅಂಟಿಸಿಬಿಟ್ಲು. ನಮ್ಮಪ್ಪ ಸತ್ತೋಗಿದಾರಲ್ಲ, ಅದಕ್ಕೆ" ಎಂದಳು. ನಾನು ಸೀಟಿನ ಕೆಳಗೆ ಹೋಗಿಬಿಡಬೇಕು ಅನ್ನುವಷ್ಟು ಕುಗ್ಗಿದೆ. ಆ ಅಜ್ಜಿ ನಗಲಿಲ್ಲ. "ಹೌದಾ ಕೂಸೇ, ನಮ್ಮ ಯಜಮಾನ್ರೂ ಇಲ್ಲ" ಎಂದು ಬುಟ್ಟಿಯಿಂದ ಒಂದು ಎಳೆಯ ಎಲೆ ತೆಗೆದು ಅವಳ ಕೈಗಿಟ್ಟರು. ಆಸ್ಪತ್ರೆ ಬಂದಾಗ ಪುಟ್ಟಿ ಕೇಳದೆಯೇ ನಾನು ತೋರಿಸಿದೆ. ಬಸ್ಸು ದಾಟಿ ಹೋಗುವವರೆಗೂ ಕತ್ತು ತಿರುಗಿಸಿ ನೋಡಿದಳು. ದುರ್ಗಿಗುಡಿಯ ಅಂಗಡಿಯಲ್ಲಿ ಕೌಂಟರಿನ ಮುಂದೆ ನನಗೆ ಮಾತು ಹೊರಡದಾಗ, "ಅಪ್ಪ ಬರಲ್ವಲ್ಲ, ಆ ನೀರುನಾಯಿ ಪುಸ್ತಕ ಕೊಡಿ" ಎಂದವಳೂ ಅವಳೇ. ಅಂಗಡಿಯವರು ಏಣಿ ಹತ್ತಿ, ಗೈಡುಗಳ ಹಿಂದಿನಿಂದ ರಟ್ಟು ಮಾಸಿದ ಒಂದು ಪ್ರತಿ ಹುಡುಕಿ ಕೊಟ್ಟರು.

ಹೊಸ ಪುಸ್ತಕವನ್ನು ಲಲಿತಾ ಟೀಚರ ಮುಂದಿಟ್ಟು, ಹಳೆಯದರ ಕಥೆಯನ್ನು ತಡವರಿಸಿ ತಡವರಿಸಿ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಇಷ್ಟೆಲ್ಲ ಹೇಳೋಕೆ ಬರುತ್ತಲ್ಲ ನಿಮಗೆ, ಶನಿವಾರ ಬಂದು ಮಕ್ಕಳಿಗೆ ಓದಿ" ಎಂದರು. ಹೋದೆ. ಮುಖ ಕಾಣದ ಹಾಗೆ ಪುಸ್ತಕವನ್ನು ಅಡ್ಡ ಹಿಡಿದು ಓದುತ್ತಿದ್ದೆ. ಪುಟ ಮುಗಿದ ಮೇಲೆ ಅತ್ತ ತಿರುಗಿಸಿದರೆ ಮಕ್ಕಳು ಚಿತ್ರ ನೋಡುತ್ತಿದ್ದರು, ನಾನು ಪುಸ್ತಕದ ಅಂಚಿನಿಂದ ಮಕ್ಕಳನ್ನು ನೋಡುತ್ತಿದ್ದೆ. ಯಾವ ಪುಟಕ್ಕೆ ಯಾವ ಮಗು ಉಗುರು ಕಚ್ಚುತ್ತದೆ, ಯಾವುದು ಪಕ್ಕದವಳ ಕೈ ಹಿಡಿಯುತ್ತದೆ ಎಂದು ನೋಡುವುದೇ ನನಗೆ ದೊಡ್ಡ ಕುತೂಹಲವಾಯಿತು. ಕಾಗೆಯ ಒಂದೇ ಕಥೆಗೆ ಒಬ್ಬ ನಕ್ಕರೆ ಇನ್ನೊಬ್ಬಳು ಎದ್ದು ಹೊರಗೆ ಹೋಗುತ್ತಿದ್ದಳು. ಯಾಕೆ ಎಂದು ಅಲ್ಲೇ ಕೇಳಬಾರದು, ಪುಸ್ತಕವನ್ನು ಅವಳ ಮನೆಗೆ ಕೊಟ್ಟು ಕಳಿಸಬೇಕು ಎನ್ನುವುದನ್ನು ಟೀಚರಿಂದ ಕಲಿತೆ.

ಈಗ ಆ ವಠಾರವಿಲ್ಲ. ಅಲ್ಲಿ ಮೂರು ಮಹಡಿಯ ಕಟ್ಟಡ ಎದ್ದಿದೆ. ಸೆಲ್ವಿ ಅಕ್ಕ ಸೇಲಂಗೆ ಹಿಂದಿರುಗಿ ಅಲ್ಲಿಯೇ ತೀರಿಕೊಂಡರು. ಟೀಚರೂ ಇಲ್ಲ. ಅತ್ತೆ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ ನಿಮ್ಮ ಅಮ್ಮ, ಆಗ ಹೈಸ್ಕೂಲು ಹುಡುಗಿ, ಪಕ್ಕದಲ್ಲಿ ಕೂತು ಇದೇ ಪುಸ್ತಕ ಓದುತ್ತಿದ್ದಳು. ಒಂದು ಹಾಳೆಯನ್ನೂ ಹಾರಿಸುತ್ತಿರಲಿಲ್ಲ. ಸೈರನ್ನೂ ಈಗ ಆ ಹಾಗೆ ಕೂಗುವುದಿಲ್ಲ. ಆದರೂ ಮಧ್ಯಾಹ್ನ ಎರಡರ ಹೊತ್ತಿಗೆ ನನ್ನ ಕಿವಿ ತಾನಾಗಿಯೇ ಏನನ್ನೋ ಕೇಳಲು ನಿಲ್ಲುತ್ತದೆ. ಡಬ್ಬಿಗಳ ಸದ್ದೂ ಇಲ್ಲ, ಕಲ್ಲಿನ ಮೆಟ್ಟಿಲೂ ಇಲ್ಲ.

ಒಂದು ವಿಷಯ ಮಾತ್ರ ನನಗೆ ಬಗೆಹರಿದಿರಲಿಲ್ಲ. ಅಕ್ಷರವೇ ಸರಿಯಾಗಿ ಬಾರದ ಆ ಮಗುವಿಗೆ ಅಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಎಂದು ಹೇಗೆ ತಿಳಿಯಿತು? ಹಾಳೆ ದಪ್ಪಗಿತ್ತು, ನಿಜ. ಆದರೆ ಮಕ್ಕಳು ಹಾಳೆಯ ದಪ್ಪ ನೋಡುತ್ತಾರೆಯೇ? ನೀವು ಕೇಳಿದ ದಿನ ರಾತ್ರಿ ಊಟ ಬಡಿಸುವಾಗ ನಿಮ್ಮ ಅಮ್ಮನನ್ನೇ ಕೇಳಿದೆ. ಅವಳು ಯೋಚಿಸಬೇಕಾಗಲಿಲ್ಲ. "ಆ ಹಾಳೆ ಹತ್ರ ಬಂದಾಗ ನೀನು ಉಸಿರು ಬಿಡ್ತಾ ಇರಲಿಲ್ಲಮ್ಮ" ಎಂದಳು.

ಪುಸ್ತಕ ಈಗ ನಿಮ್ಮದು. ಆ ಹಾಳೆಯನ್ನು ಇಸ್ತ್ರಿ ಪೆಟ್ಟಿಗೆಯಿಂದ ನೇರ ಮಾಡಲು ಹೋಗಬೇಡಿ. ಅಲ್ಲಿಗೆ ಬಂದಾಗ ನಿಧಾನವಾಗಿ ತಿರುಗಿಸಿ. ಉಳಿದ ಹಾಳೆಗಳಿಗಿಂತ ಅದು ಸ್ವಲ್ಪ ಜಾಸ್ತಿ ಸದ್ದು ಮಾಡುತ್ತದೆ. ನಾನು ಅಡುಗೆಮನೆಯಲ್ಲಿದ್ದರೂ ನನಗೆ ಕೇಳುತ್ತದೆ.